ಅರ್ಧ ಬೆಲೆಯ ಟ್ಯಾಬ್ಲೆಟ್: ತಯಾರಿಕೆ ನಿಂತಿದೆ ಎಂಬುದನ್ನೂ ಬೆಲೆಚೀಟಿಯಲ್ಲೇ ಬರೆಯಲಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಶಾಲೆ, ಕಾಲೇಜುಗಳು ಬಾಗಿಲು ತೆರೆಯುವ ಈ ಹೊತ್ತಿನಲ್ಲಿ, ಕಳೆದ ವಾರ ಬೆಳಗಿನ ಪತ್ರಿಕೆಯ ಮಡಿಕೆಯೊಳಗಿಂದ ಬಿದ್ದ ಬಣ್ಣದ ಕರಪತ್ರವೊಂದು ಈ ಪತ್ರಕ್ಕೆ ಕಾರಣ. ಅದರಲ್ಲಿ 10 ಇಂಚಿನ ಟ್ಯಾಬ್ಲೆಟ್ ಒಂದರ ಚಿತ್ರವಿತ್ತು. ಚಿತ್ರದ ಕೆಳಗೆ 18,999 ರೂಪಾಯಿ ಎಂದು ಅಚ್ಚು ಹಾಕಿ, ಅದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಮೂರು ಪಟ್ಟು ದಪ್ಪದ ಅಂಕಿಗಳಲ್ಲಿ 6,999 ಎಂದು ಮುದ್ರಿಸಿದ್ದರು. ವಿದ್ಯಾರ್ಥಿಗಳಿಗಾಗಿ ವಿಶೇಷ ಕೊಡುಗೆ, ಸ್ಟಾಕ್ ಇರುವವರೆಗೆ ಮಾತ್ರ ಎಂಬ ಒಕ್ಕಣೆಯೂ ಇತ್ತು. ಮಾಡೆಲ್ ಸಂಖ್ಯೆಯನ್ನು ಬಹಳ ಸಣ್ಣ ಅಕ್ಷರದಲ್ಲಿ ಹಾಕಿದ್ದರೂ ಅದನ್ನು ಗುರುತಿಸಲು ನನಗೆ ಕನ್ನಡಕ ಬೇಕಾಗಲಿಲ್ಲ. ಹೋದ ವರ್ಷ ನಮ್ಮ ಮನೆಗೆ ಬಂದು, ಐದು ತಿಂಗಳು ಇದ್ದು, ಮರಳಿ ಹೋದದ್ದು ಅದೇ ಮಾಡೆಲ್. ಅದರ ತಯಾರಿಕೆಯನ್ನು ಕಂಪನಿ ಯಾವತ್ತೋ ನಿಲ್ಲಿಸಿದೆ. ಕರಪತ್ರದ ಎರಡೂ ಮಗ್ಗುಲನ್ನು ಓದಿದೆ. ಆ ಒಂದು ಮಾತು ಮಾತ್ರ ಎಲ್ಲಿಯೂ ಇರಲಿಲ್ಲ.

ನಾನು ಕೊಡಗಿನ ನಾಪೋಕ್ಲು ಸಮೀಪದ ಒಬ್ಬ ಸಣ್ಣ ಕಾಫಿ ಬೆಳೆಗಾರ. 2025ರ ಮಾರ್ಚ್‌ನಲ್ಲಿ, ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿದ ಹಣ ಕೈಗೆ ಬಂದ ಮೇಲೆ, ದ್ವಿತೀಯ ಪಿಯುಸಿಗೆ ಕಾಲಿಡುವುದರಲ್ಲಿದ್ದ ಮಗಳಿಗಾಗಿ ಒಂದು ಟ್ಯಾಬ್ಲೆಟ್ ಕೊಳ್ಳಬೇಕೆಂದು ತೀರ್ಮಾನಿಸಿದೆವು. ಅಲ್ಲಿಯವರೆಗೆ ಅವಳ ಪಾಠವೆಲ್ಲ ನನ್ನ ಫೋನಿನಲ್ಲೇ ನಡೆಯುತ್ತಿದ್ದುದರಿಂದ, ಕಾಫಿ ವ್ಯಾಪಾರಿಯ ಕರೆಯೂ ರಸಾಯನಶಾಸ್ತ್ರದ ವಿಡಿಯೊವೂ ಒಂದೇ ಸಮಯಕ್ಕೆ ಬಂದು ಮನೆಯಲ್ಲಿ ದಿನವೂ ಸಣ್ಣ ಜಗಳವಾಗುತ್ತಿತ್ತು. ಆನ್‌ಲೈನ್‌ನಲ್ಲಿ ಹುಡುಕಿದಾಗ ಈ ಟ್ಯಾಬ್ಲೆಟ್ 7,499 ರೂಪಾಯಿಗೆ ಸಿಕ್ಕಿತು. ಬೆಲೆಯ ಪಕ್ಕದಲ್ಲಿ, ಇನ್ನು ಎರಡೇ ಉಳಿದಿವೆ ಎಂಬ ಎಚ್ಚರಿಕೆಯೂ, ಸೆಕೆಂಡು ಸೆಕೆಂಡಿಗೆ ಇಳಿಯುತ್ತಿದ್ದ ಗಡಿಯಾರವೂ ಇದ್ದವು. ಅವಸರದಲ್ಲಿ ಹಣ ಕಟ್ಟಿದೆ. ಮರುದಿನ ಕುತೂಹಲಕ್ಕೆ ನೋಡಿದರೆ ಆಗಲೂ ಎರಡೇ ಉಳಿದಿದ್ದವು! ಇಂತಹ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಆನ್‌ಲೈನ್ ತಾಣಗಳಲ್ಲಿ ನಿಷೇಧಿತವಾದ 13 ಬಗೆಯ ಮೋಸದ ವಿನ್ಯಾಸಗಳ (ಡಾರ್ಕ್ ಪ್ಯಾಟರ್ನ್) ಪೈಕಿ ಒಂದೆಂದು ಹೆಸರಿಸಿದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಮೊದಲ ಮೂರು ತಿಂಗಳು ತಕರಾರಿಲ್ಲದೆ ಕಳೆದವು. ಜೂನ್‌ನಲ್ಲಿ, ಪ್ರವೇಶ ಪರೀಕ್ಷೆಯ ಅಭ್ಯಾಸಕ್ಕೆಂದು ಹಣ ಕಟ್ಟಿದ್ದ ಒಂದು ಆ್ಯಪ್ ಹೊಸ ಆವೃತ್ತಿಗೆ ಬದಲಾಯಿತು. ಬದಲಾದದ್ದೇ ತಡ, ಈ ಸಾಧನದಲ್ಲಿ ತೆರೆದುಕೊಳ್ಳಲು ನಿರಾಕರಿಸಿತು. ಸೆಟ್ಟಿಂಗ್ಸ್‌ನಲ್ಲಿ ನೋಡಿದಾಗ ಆಂಡ್ರಾಯ್ಡ್ 10 ಎಂದೂ, ಸೆಕ್ಯುರಿಟಿ ಅಪ್‌ಡೇಟ್‌ನ ಮುಂದೆ 2022ರ ಜನವರಿಯ ದಿನಾಂಕವೂ ಕಂಡವು. ಕೊಂಡು ಮೂರು ತಿಂಗಳಾದ ವಸ್ತುವಿನ ರಕ್ಷಣೆ ಮೂರು ವರ್ಷಗಳ ಹಿಂದೆಯೇ ನಿಂತುಹೋಗಿತ್ತು. ಆದರೂ ಪಾಠದ ಪಿಡಿಎಫ್ ಓದಲು, ವಿಡಿಯೊ ನೋಡಲು ಸಾಲುತ್ತದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಜುಲೈ ಕೊನೆಯ ವಾರದ ಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ದಿನ ಟ್ಯಾಬ್ಲೆಟ್‌ನ್ನು ಚಾರ್ಜಿಗೆ ಹಾಕಲು ಹೋದ ಮಗಳು, ಅದು ಮೇಜಿನ ಮೇಲೆ ಸಮನಾಗಿ ಕೂರುತ್ತಿಲ್ಲ, ಬುಗುರಿಯಂತೆ ತಿರುಗುತ್ತಿದೆ ಎಂದು ಕರೆದು ತೋರಿಸಿದಳು. ಬೆನ್ನು ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಉಬ್ಬಿತ್ತು. ಅಂಚಿನಲ್ಲಿ ಗಾಜಿಗೂ ಕವಚಕ್ಕೂ ನಡುವೆ ಉಗುರು ತೂರುವಷ್ಟು ಬಿರುಕು ಬಿಟ್ಟಿತ್ತು. ಅದನ್ನು ಮೊದಲು ಮನೆಯಿಂದ ಹೊರಗಿಡಿ ಎಂದವಳು ನನ್ನ ಹೆಂಡತಿ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣ ಕೆಟ್ಟು ಅನಿಲವಾದಾಗ ಅದು ಹೀಗೆ ಊದುತ್ತದೆ. ಊದಿದ್ದನ್ನು ಮತ್ತೆ ಚಾರ್ಜಿಗೆ ಹಾಕುವುದಾಗಲಿ, ಚುಚ್ಚುವುದಾಗಲಿ, ಒತ್ತಿ ಕೂರಿಸುವುದಾಗಲಿ ಬೆಂಕಿಯೊಂದಿಗೆ ಆಟವಾಡಿದಂತೆ.

ವಾರಂಟಿ ಇನ್ನೂ ಏಳು ತಿಂಗಳು ಬಾಕಿಯಿತ್ತು. ಊದಿದ ಬ್ಯಾಟರಿ ಇರುವ ಸಾಮಾನನ್ನು ಕೊರಿಯರ್‌ನವರು ಮುಟ್ಟಲಿಲ್ಲ. ಟ್ಯಾಬ್ಲೆಟ್ ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರ್ ನಮಗೆ ಹತ್ತಿರದ್ದೆಂದರೆ ಮೈಸೂರಿನದು. ನಾಪೋಕ್ಲಿನಿಂದ ಮಡಿಕೇರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್; ತೋಟದ ಕೆಲಸ ಬಿಟ್ಟು, ಟ್ಯಾಬ್ಲೆಟ್‌ನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮಳೆಯಲ್ಲಿ ಬಸ್ಸು ಹತ್ತಿದೆ. ಟೋಕನ್ ಪಡೆದು ಒಂದೂವರೆ ಗಂಟೆ ಕುಳಿತ ಮೇಲೆ ಕೌಂಟರಿನ ಹುಡುಗ ಮಾಡೆಲ್ ಸಂಖ್ಯೆಯನ್ನು ಕಂಪ್ಯೂಟರಿಗೆ ಹೊಡೆದು, ಒಂದು ಕ್ಷಣ ಸುಮ್ಮನಿದ್ದು, ‘ಸಾರ್, ಇದು ಇಒಎಲ್ ಆಗಿದೆ’ ಎಂದ. ಹಾಗೆಂದರೇನೆಂದು ಕೇಳಿದೆ. ‘ಎಂಡ್ ಆಫ್ ಲೈಫ್. ಮಾಡೆಲ್ ನಿಂತುಹೋಗಿದೆ, ಪಾರ್ಟ್ಸ್ ಬರೋದಿಲ್ಲ.’ ಯಾವಾಗ ನಿಂತಿತು ಎಂದು ಕೇಳಿದ್ದಕ್ಕೆ ಪರದೆಯನ್ನೇ ನನ್ನ ಕಡೆ ತಿರುಗಿಸಿದ. ಅಲ್ಲಿದ್ದ ದಿನಾಂಕ ನನ್ನ ಬಿಲ್ಲಿನ ದಿನಾಂಕಕ್ಕಿಂತ ಹದಿನಾರು ತಿಂಗಳು ಹಿಂದಿನದು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟೂ ದಿನಗಳಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ. ಹೊಸ ಮಾಡೆಲ್ ಕೊಂಡರೆ ಶೇ 20ರಷ್ಟು ರಿಯಾಯಿತಿ ಕೊಡಿಸುವುದಾಗಿ ಅವನೇ ಹೇಳಿದ. ರಿಯಾಯಿತಿ ಎಂಬ ಪದ ಆ ಹೊತ್ತಿಗೆ ಕಿವಿಗೆ ಬೀಳಬಾರದಿತ್ತು.

ಮನೆಗೆ ಬಂದು ಅಟ್ಟದ ಮೇಲಿದ್ದ ಖಾಲಿ ಪೆಟ್ಟಿಗೆಯನ್ನು ಇಳಿಸಿ ನೋಡಿದೆ. ತಳದಲ್ಲಿ, ಬಾರ್‌ಕೋಡ್‌ನ ಕೆಳಗೆ, ತಯಾರಿಸಿದ ತಿಂಗಳು ಮತ್ತು ವರ್ಷ ಎಂಬಲ್ಲಿ 2021ರ ಸೆಪ್ಟೆಂಬರ್ ಎಂದಿತ್ತು. ಅಂದರೆ ಆ ಟ್ಯಾಬ್ಲೆಟ್ ನಮ್ಮ ಮನೆಗೆ ಬರುವ ಮೊದಲು ಮೂರೂವರೆ ವರ್ಷ ಯಾವುದೋ ಗೋದಾಮಿನಲ್ಲಿ ಮಲಗಿತ್ತು. ಬಳಸದೆ ಇಟ್ಟ ಮಾತ್ರಕ್ಕೆ ಬ್ಯಾಟರಿ ಹೊಸದಾಗಿ ಉಳಿಯುವುದಿಲ್ಲ. ಚಾರ್ಜ್ ಪೂರ್ತಿ ಇಳಿದ ಸ್ಥಿತಿಯಲ್ಲಿ, ಸೆಖೆಯಲ್ಲಿ, ವರ್ಷಗಟ್ಟಲೆ ಬಿದ್ದಿದ್ದರೆ ಅದು ಒಳಗೊಳಗೇ ಕೆಡುತ್ತದೆ. ಪೆಟ್ಟಿಗೆ ಒಡೆದ ದಿನ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಹೊಸದಾಗಿಯೇ ಮಿನುಗುತ್ತಿತ್ತು, ಅಷ್ಟೆ.

ಈ ದಿನಾಂಕವನ್ನು ಕೊಳ್ಳುವ ಮೊದಲೇ ನೋಡಬಾರದಿತ್ತೇ ಎಂದು ಓದುಗರು ಕೇಳಬಹುದು. ನೋಡುವ ದಾರಿ ಇರಲಿಲ್ಲ. ಕಾನೂನು ಮಾಪನಶಾಸ್ತ್ರದ (ಅಂದರೆ ತೂಕ, ಅಳತೆಗೆ ಸಂಬಂಧಿಸಿದ ಕಾಯ್ದೆಯ) ಪೊಟ್ಟಣ ಸಾಮಗ್ರಿಗಳ ನಿಯಮಗಳು, 2011, ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕೆಂದು ಹೇಳುತ್ತವೆ. 2018ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯು, ಪೊಟ್ಟಣದ ಮೇಲಿನ ವಿವರಗಳನ್ನು ಆನ್‌ಲೈನ್ ಮಾರಾಟ ತಾಣಗಳೂ ತೋರಿಸಬೇಕೆಂದು ವಿಧಿಸಿತು. ಆದರೆ ವಿವರಗಳ ಆ ಪಟ್ಟಿಯಿಂದ ಒಂದನ್ನು ಮಾತ್ರ ಹೊರಗಿಟ್ಟಿತು. ಹಾಗೆ ಹೊರಗಿಟ್ಟದ್ದು ಇದೇ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು. ಒಂದೇ ಪುಟದಲ್ಲಿ ತೋರಿಸಿದ ಸಾವಿರ ಸೋಪುಗಳು ಬೇರೆ ಬೇರೆ ತಿಂಗಳಲ್ಲಿ ತಯಾರಾಗಿರಬಹುದು, ಪ್ರತಿಯೊಂದರ ತಿಂಗಳನ್ನೂ ತಾಣದಲ್ಲಿ ಹಾಕುವುದು ಕಷ್ಟ ಎಂಬುದು ಅದಕ್ಕೆ ಕಾರಣವಿರಬಹುದೆಂದು ನನ್ನ ಊಹೆ. ಸೋಪಿಗೆ ಆ ವಾದ ಒಪ್ಪುತ್ತದೆ. ತಯಾರಿಕೆಯೇ ನಿಂತುಹೋದ ಟ್ಯಾಬ್ಲೆಟ್‌ಗೆ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಹೊಸ ತಿಂಗಳು ಸೇರಲು ಸಾಧ್ಯವೇ ಇಲ್ಲ. ಕೊನೆಯದಾಗಿ ತಯಾರಾದ ತಿಂಗಳು ಯಾವುದೆಂದು ಕಂಪನಿಗೆ ಖಚಿತವಾಗಿ ಗೊತ್ತಿರುತ್ತದೆ.

ನಮ್ಮ ಜಿಲ್ಲೆಯ ಯಾವ ಬೆಳೆಗಾರನಿಗೂ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ನಾವು ಚೆರಿ ಚೀಲವನ್ನು ವ್ಯಾಪಾರಿಯ ಬಳಿಗೆ ಒಯ್ದಾಗ ಅವನು ಚೀಲದೊಳಗೆ ಕೈಹಾಕಿ ಸ್ಯಾಂಪಲ್ ತೆಗೆಯುತ್ತಾನೆ, ತೇವಾಂಶದ ಯಂತ್ರಕ್ಕೆ ಹಾಕುತ್ತಾನೆ, ಸಿಪ್ಪೆ ತೆಗೆದು ಬೇಳೆಯನ್ನು ತೂಗಿ ಓಟಿ (ಐವತ್ತು ಕಿಲೋ ಚೆರಿಯಲ್ಲಿ ಸಿಗುವ ಬೇಳೆಯ ಕಿಲೋ ಲೆಕ್ಕ) 26 ಬಂತೋ 28 ಬಂತೋ ಎಂದು ಲೆಕ್ಕ ಹಾಕುತ್ತಾನೆ. ಕಪ್ಪು ಬೇಳೆ ಕಂಡರೆ ನಮ್ಮ ಮುಂದೆಯೇ ಅಂಗೈ ಮೇಲಿಟ್ಟು ತೋರಿಸುತ್ತಾನೆ. ಹಳೆಯ ಬೆಳೆಯನ್ನು ಹೊಸದರೊಂದಿಗೆ ಬೆರೆಸಿ ಕೊಟ್ಟರೆ ಬಣ್ಣದಲ್ಲೇ ಹಿಡಿದುಬಿಡುತ್ತಾನೆ. ಹಳೆಯ ಕಾಫಿಯನ್ನು ಹಳೆಯ ಕಾಫಿ ಎಂದು ಹೇಳಿ ಕಡಿಮೆ ಬೆಲೆಗೆ ಮಾರಿದರೆ ಯಾರ ತಕರಾರೂ ಇರುವುದಿಲ್ಲ. ಸಹಕಾರ ಸಂಘಕ್ಕೆ ಹೋಗಿ ಗಿಡಗಳಿಗೆ ಹೊಡೆಯುವ ಔಷಧಿ ಡಬ್ಬಿ ಕೊಂಡರೆ ಅವಧಿ ಮುಗಿಯುವ ದಿನಾಂಕ ಅದರ ಮೇಲೆಯೇ ಇರುತ್ತದೆ. ನಾವು ಮಾರುವಾಗ ನಮ್ಮ ಸರಕಿನ ವಯಸ್ಸು, ತೂಕ, ತೇವ ಎಲ್ಲವೂ ಬಯಲಿಗೆ ಬರುತ್ತದೆ. ನಾವು ಇಂತಹ ಯಂತ್ರ ಕೊಳ್ಳುವಾಗ ಮಾತ್ರ, ಅದೂ ಚೆರಿ ಮಾರಿದ ಹಣವನ್ನು ಕೊಟ್ಟು ಕೊಳ್ಳುವಾಗ, ಅಡ್ಡಗೆರೆ ಎಳೆದ ಒಂದು ಅಂಕಿಯನ್ನು ನಂಬಿ ಹಣ ಎಣಿಸಬೇಕು.

ಆ ಅಡ್ಡಗೆರೆಯ ಬಗ್ಗೆಯೂ ಒಂದು ಮಾತು. 18,999 ಎಂಬುದು ಆ ಟ್ಯಾಬ್ಲೆಟ್ ಮಾರುಕಟ್ಟೆಗೆ ಬಂದ ಹೊಸತರಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿಸಿದ್ದ ಗರಿಷ್ಠ ಬೆಲೆ. ನಾಲ್ಕೈದು ವರ್ಷ ಕಳೆದ ಮೇಲೆ ಯಾರೂ ಅದನ್ನು ಆ ಬೆಲೆಗೆ ಮಾರುತ್ತಲೂ ಇಲ್ಲ, ಕೊಳ್ಳುತ್ತಲೂ ಇಲ್ಲ. ಹೀಗಿರುವಾಗ ಇಂದಿನ ರಿಯಾಯಿತಿಯನ್ನು ಅಂದಿನ ಬೆಲೆಯಿಂದ ಕಳೆದು ಶೇ 63 ಎಂದು ಸಾರುವುದರಲ್ಲಿ ಅರ್ಥವಿಲ್ಲ. ಒಂದು ವಸ್ತು ಸಾಮಾನ್ಯವಾಗಿ ಮಾರಾಟವಾಗುವ ಬೆಲೆಯ ಬಗ್ಗೆ ಜನರನ್ನು ತಪ್ಪು ದಾರಿಗೆಳೆಯುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ.

ತಯಾರಿಕೆ ನಿಲ್ಲಿಸಿದ ಸರಕನ್ನು ಬೆಲೆ ಮುರಿದು ಮಾರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಪ್ರಾಮಾಣಿಕ ದಾರಿಯೂ ಇದೆ ಎಂಬುದಕ್ಕೆ ಈ ಉದ್ಯಮದ ಇತಿಹಾಸದಲ್ಲೇ ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಎಚ್‌ಪಿ ಕಂಪನಿ 2011ರ ಜುಲೈ 1ರಂದು ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್‌ನ್ನು ಅಲ್ಲಿನ ಮಾರುಕಟ್ಟೆಗೆ ಬಿಟ್ಟಿತು. 16 ಜಿಬಿಯದಕ್ಕೆ 499 ಡಾಲರ್, 32 ಜಿಬಿಯದಕ್ಕೆ 599 ಡಾಲರ್ ಬೆಲೆ. ಹಿಂದಿನ ವರ್ಷವಷ್ಟೇ 120 ಕೋಟಿ ಡಾಲರ್ ಕೊಟ್ಟು ಪಾಮ್ ಕಂಪನಿಯನ್ನು ಕೊಂಡಾಗ ಬಂದಿದ್ದ ವೆಬ್‌ಓಎಸ್ ಎಂಬ ತಂತ್ರಾಂಶ ಅದರೊಳಗಿತ್ತು. ಸರಕು ಅಂಗಡಿಗಳಲ್ಲಿ ಕರಗಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಆಗಸ್ಟ್ 18ರಂದು, ಇನ್ನು ಇದನ್ನು ತಯಾರಿಸುವುದಿಲ್ಲವೆಂದು ಕಂಪನಿ ಬಹಿರಂಗವಾಗಿ ಘೋಷಿಸಿ, ಉಳಿದ ಸರಕನ್ನು 99 ಮತ್ತು 149 ಡಾಲರ್‌ಗೆ ಇಳಿಸಿತು. ಐವತ್ತು ದಿನ ದೂಳು ಹಿಡಿದಿದ್ದ ಟ್ಯಾಬ್ಲೆಟ್ ಆ ವಾರಾಂತ್ಯದಲ್ಲಿ ಖಾಲಿಯಾಯಿತು. ಜನ ತಿಳಿದೇ ಕೊಂಡರು: ಕಂಪನಿ ಕೈಬಿಟ್ಟಿದೆ, ಆ್ಯಪ್‌ಗಳು ಹೆಚ್ಚು ಬರುವುದಿಲ್ಲ, ಆದರೆ ಒಳ್ಳೆಯ ಪರದೆಯ ಯಂತ್ರ ಐದನೇ ಒಂದು ಬೆಲೆಗೆ ಸಿಗುತ್ತಿದೆ. ಆಸಕ್ತ ತಂತ್ರಜ್ಞರು ಕೆಲವರು ಸೇರಿ ಅದರಲ್ಲಿ ಆಂಡ್ರಾಯ್ಡ್ ಓಡುವ ಹಾಗೆ ಮಾಡಿ, ಅದರ ಆಯಸ್ಸನ್ನು ಇನ್ನಷ್ಟು ಬೆಳೆಸಿದರು. 2015ರ ಜನವರಿ 15ರಂದು ಎಚ್‌ಪಿ ಅದರ ಆನ್‌ಲೈನ್ ಸೇವೆಗಳನ್ನು ಮುಚ್ಚಿದಾಗಲೂ ಮೊದಲೇ ತಿಳಿಸಿಯೇ ಮುಚ್ಚಿತು.

ಇನ್ನೊಂದು ಉದಾಹರಣೆ ನಮ್ಮ ದೇಶದ ಮಾರುಕಟ್ಟೆಗೂ ಸೇರಿದ್ದು. ಬ್ಲ್ಯಾಕ್‌ಬೆರಿ ಕಂಪನಿಯ ಪ್ಲೇಬುಕ್ 2011ರಲ್ಲಿ ಭಾರತಕ್ಕೆ ಬಂದಾಗ ಅದರ ಆರಂಭದ ಬೆಲೆ 27,990 ರೂಪಾಯಿ. ಅದೇ ವರ್ಷದ ಕೊನೆಗೆ 13,490. ಮಾರಾಟವಾಗದೆ ಉಳಿದ ಪ್ಲೇಬುಕ್‌ಗಳ ಲೆಕ್ಕದಲ್ಲಿ ಕಂಪನಿ ಆ ಡಿಸೆಂಬರ್‌ನಲ್ಲಿ 48.5 ಕೋಟಿ ಡಾಲರ್ ನಷ್ಟ ತೋರಿಸಿತ್ತು. ಇಷ್ಟು ದೊಡ್ಡ ರಿಯಾಯಿತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದೇ ಉತ್ತರ. ಗೋದಾಮಿನಲ್ಲಿರುವ ಯಂತ್ರಕ್ಕೆ ಬಾಡಿಗೆ ಬೆಳೆಯುತ್ತದೆ, ಬ್ಯಾಟರಿ ಹಳತಾಗುತ್ತದೆ, ಪ್ರತಿ ತಿಂಗಳೂ ಬೆಲೆ ಬೀಳುತ್ತದೆ. ಆದ್ದರಿಂದ ಬಂದಷ್ಟು ಬರಲಿ ಎಂದು ಕಳಚಿಕೊಳ್ಳುವುದೇ ಕಂಪನಿಗೆ ಲಾಭ. ಪ್ಲೇಬುಕ್ ಕೊಂಡವರಿಗೆ ಹೊಸ ಬ್ಲ್ಯಾಕ್‌ಬೆರಿ 10 ತಂತ್ರಾಂಶ ಬರುವುದೆಂದು ಹೇಳಿದ್ದರು. 2013ರ ಜೂನ್‌ನಲ್ಲಿ ಆ ಮಾತನ್ನು ಕೈಬಿಟ್ಟರು. 2022ರ ಜನವರಿ 4ರಂದು ಅದರ ಹಳೆಯ ತಂತ್ರಾಂಶದ ಸೇವೆಗಳೇ ಕೊನೆಗೊಂಡವು. ರಿಯಾಯಿತಿಯಲ್ಲಿ ಕೊಂಡವನು ಯಂತ್ರವನ್ನಷ್ಟೇ ಕೊಂಡಿರುವುದಿಲ್ಲ, ಮುಂದೆ ಬರಲಿರುವ ತಂತ್ರಾಂಶದ ಮೇಲೂ ಭರವಸೆಯಿಟ್ಟು ಹಣ ಕೊಟ್ಟಿರುತ್ತಾನೆ ಎಂಬುದು ಇಲ್ಲಿ ಕಾಣುತ್ತದೆ.

ನಮ್ಮ ಪಕ್ಕದ ತೋಟದ ಹಿರಿಯರೊಬ್ಬರ ಬಳಿ ಇಂತಹದೇ ಹಳೆಯ ಮಾಡೆಲ್‌ನ ಟ್ಯಾಬ್ಲೆಟ್ ಇದೆ. ಮಡಿಕೇರಿಯ ಅಂಗಡಿಯವರು, ‘ಮಾವ, ಇದು ಹಳೇ ಮಾಡೆಲ್, ಇನ್ನು ಬರೋದಿಲ್ಲ, ಬ್ಯಾಂಕಿನ ಕೆಲಸಕ್ಕೆ ಇಟ್ಟುಕೊಳ್ಳಬೇಡಿ’ ಎಂದು ಮೊದಲೇ ಹೇಳಿ, 4,000 ರೂಪಾಯಿಗೆ ಕೊಟ್ಟರಂತೆ. ಅವರು ಅದರಲ್ಲಿ ಬೆಳಿಗ್ಗೆ ಇ-ಪೇಪರ್ ಓದುತ್ತಾರೆ, ಅಕ್ಷರವನ್ನು ಬೆರಳಿನಿಂದ ದೊಡ್ಡದು ಮಾಡಿಕೊಳ್ಳುತ್ತಾರೆ, ಸಂಜೆ ಮಡಿಕೇರಿ ಆಕಾಶವಾಣಿ ಕೇಳುತ್ತಾರೆ. ಮೂರು ವರ್ಷದಿಂದ ಸುಖವಾಗಿದ್ದಾರೆ. ನನ್ನ ಟ್ಯಾಬ್ಲೆಟ್‌ಗೂ ಅವರದಕ್ಕೂ ಯಂತ್ರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮಾರಿದವನು ಆಡಿದ ಒಂದು ವಾಕ್ಯದ ವ್ಯತ್ಯಾಸ. ಆ ವಾಕ್ಯವನ್ನು ಕೇಳಿದ್ದರೆ ನಾನು ಬಹುಶಃ ಕೊಳ್ಳುತ್ತಿರಲಿಲ್ಲ, ಅಥವಾ ಕೊಂಡು ಪರೀಕ್ಷೆಯ ಓದಿಗೆ ಅದನ್ನೇ ನೆಚ್ಚಿಕೊಳ್ಳುತ್ತಿರಲಿಲ್ಲ. ಮಾರಾಟಗಾರರಿಗೆ ಅಡ್ಡಿಯಾಗಿರುವುದು ಆ ‘ಬಹುಶಃ’ ಎಂಬುದೇ ಇರಬೇಕು.

ಇದು ಮಧ್ಯಮ ವರ್ಗದವನ ಏಳು ಸಾವಿರದ ಗೋಳು ಎಂದು ಯಾರಾದರೂ ತಳ್ಳಿಹಾಕಬಹುದು. ಇಂತಹ ಕೊಡುಗೆಗಳ ಬಾಗಿಲಿಗೆ ಹೆಚ್ಚಾಗಿ ಹೋಗುವವರು ನಮಗಿಂತ ಕಡಿಮೆ ಇರುವವರು. ಕೊರೊನಾ ಕಾಲದಲ್ಲಿ ಆನ್‌ಲೈನ್ ತರಗತಿಗಾಗಿ ಮಕ್ಕಳು ರೇಂಜ್ ಹುಡುಕಿ ಗುಡ್ಡ ಹತ್ತಿದ್ದನ್ನು ಈ ಜಿಲ್ಲೆ ಮರೆತಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಮೂರು ಮಕ್ಕಳಿಗೆ ಅಪ್ಪನ ಒಂದೇ ಫೋನು. ಅವನು ಕೆಲಸದಿಂದ ಬರುವವರೆಗೆ ಪಾಠವಿಲ್ಲ. ನಮ್ಮ ತೋಟಕ್ಕೆ ಬರುವ ಕಾರ್ಮಿಕ ಮಹಿಳೆಯೊಬ್ಬರು ಆ ಕರಪತ್ರವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಬಂದು, ‘ಇದು ತಗೊಳ್ಳಬಹುದಾ ಅಣ್ಣ, ಸಂಘದಲ್ಲಿ ಸಾಲ ಕೊಡ್ತಾರೆ’ ಎಂದು ಕೇಳಿದರು. ನಾನು ಬೇಡವೆಂದೆ. ಆದರೆ ಬೇಡವೆಂದು ಹೇಳಲು ನನಗೆ ಗೊತ್ತಿದ್ದದ್ದು ನಾನು ಕೈ ಸುಟ್ಟುಕೊಂಡಿದ್ದರಿಂದ. ಸ್ವಸಹಾಯ ಸಂಘದ ಸಾಲ ಹನ್ನೆರಡು ತಿಂಗಳ ಕಂತಿನದು. ಕಂತು ಮುಗಿಯುವ ಮೊದಲೇ ಯಂತ್ರ ಮುಗಿದರೆ ಉಳಿದ ಕಂತನ್ನು ಅವರು ಯಾವ ಲೆಕ್ಕಕ್ಕೆ ಕಟ್ಟಬೇಕು? ಕಡಿಮೆ ಬೆಲೆಯ ವಸ್ತು ಬೇಕಾಗಿರುವುದೇ ಅವರಿಗೆ, ಆದ್ದರಿಂದ ಅದರ ನಿಜ ಸಂಗತಿ ಮೊದಲು ಸಿಗಬೇಕಾಗಿರುವುದೂ ಅವರಿಗೆ.

ಹೊರದೇಶಗಳಲ್ಲಿ ಇದಕ್ಕೆ ಕಾನೂನಿನಲ್ಲೇ ಏರ್ಪಾಡು ಮಾಡಿದ್ದಾರೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಫೋನ್ ಸೇರಿದಂತೆ ಅಂತರ್ಜಾಲಕ್ಕೆ ಸೇರುವ ಹಲವು ಸಾಧನಗಳಿಗೆ ಕನಿಷ್ಠ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಪ್ರಕಟಿಸಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮ ಇನ್ನೂ ಒಂದು ಹೆಜ್ಜೆ ಮುಂದಿದೆ: ಫೋನ್ ಮತ್ತು ಟ್ಯಾಬ್ಲೆಟ್ ಮಾಡೆಲ್ ಒಂದನ್ನು ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿದ ದಿನದಿಂದ ಕನಿಷ್ಠ 5 ವರ್ಷ ತಂತ್ರಾಂಶದ ಅಪ್‌ಡೇಟ್, 7 ವರ್ಷ ಮುಖ್ಯವಾದ ಬಿಡಿಭಾಗಗಳು ಸಿಗಬೇಕು. ಲೆಕ್ಕ ಶುರುವಾಗುವುದು ಮಾಡೆಲ್ ಬಂದ ದಿನದಿಂದಲ್ಲ, ನಿಂತ ದಿನದಿಂದ ಎಂಬುದನ್ನು ಗಮನಿಸಬೇಕು. ಹಳೆಯ ಸ್ಟಾಕ್ ಕೊಂಡವನಿಗೂ ಅದರಿಂದ ರಕ್ಷಣೆ ಸಿಗುತ್ತದೆ. ನಮ್ಮ ಕೇಂದ್ರ ಸರ್ಕಾರವೂ ದುರಸ್ತಿಯ ಹಕ್ಕಿಗಾಗಿ 2022ರ ಡಿಸೆಂಬರ್ 24ರಂದು ಒಂದು ಜಾಲತಾಣವನ್ನು ಆರಂಭಿಸಿ, ದುರಸ್ತಿಯ ಮಾಹಿತಿಯನ್ನು ಅದರಲ್ಲಿ ಹಂಚಿಕೊಳ್ಳಲು ಕಂಪನಿಗಳನ್ನು ಕೇಳಿದೆ. ಒಳ್ಳೆಯ ಆರಂಭವೇ. ಆದರೆ ಜಾಲತಾಣದಲ್ಲಿರುವ ಮಾಹಿತಿ ಬೆಲೆಚೀಟಿಯ ಮೇಲಿರುವ ಮಾಹಿತಿಗೆ ಸಾಟಿಯಾಗದು. ಕೊಳ್ಳುವವನ ಕಣ್ಣು ಇರುವುದು ಬೆಲೆಯ ಮೇಲೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ತಯಾರಿಕೆ ನಿಂತ ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಯಾವುದೇ ಇರಲಿ, ಅದನ್ನು ರಿಯಾಯಿತಿಯಲ್ಲಿ ಮಾರುವಾಗ, ರಿಯಾಯಿತಿಯ ಅಂಕಿಯಷ್ಟೇ ದಪ್ಪ ಅಕ್ಷರಗಳಲ್ಲಿ, ಈ ಮಾಡೆಲ್‌ನ ತಯಾರಿಕೆ ನಿಂತಿದೆ ಎಂದೂ, ಯಾವ ತಿಂಗಳಲ್ಲಿ ತಯಾರಾದದ್ದು, ಅಪ್‌ಡೇಟ್ ಯಾವ ದಿನಾಂಕದವರೆಗೆ, ಬ್ಯಾಟರಿ ಯಾವ ವರ್ಷದವರೆಗೆ ಸಿಗುತ್ತದೆ ಎಂದೂ ಬರೆಯಲಿ. ಕರ್ನಾಟಕದಲ್ಲಿ ಅದನ್ನು ಕನ್ನಡದಲ್ಲಿ ಬರೆಯಲಿ. ಇದಕ್ಕಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಪೊಟ್ಟಣ ಸಾಮಗ್ರಿಗಳ ನಿಯಮಗಳಲ್ಲಿ ಆನ್‌ಲೈನ್ ತಾಣಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ಇಂತಹ ವಿದ್ಯುನ್ಮಾನ ಸಾಧನಗಳ ಮಟ್ಟಿಗಾದರೂ ಹಿಂಪಡೆಯಬೇಕು. ಅದು ಆಗುವವರೆಗೆ ನಮ್ಮ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳು, ತಕ್ಕಡಿ ಮತ್ತು ಪೆಟ್ರೋಲ್ ಬಂಕ್‌ಗಳನ್ನು ಪರೀಕ್ಷಿಸುವ ಹಾಗೆಯೇ, ಶಾಲೆ ತೆರೆಯುವ ಜೂನ್‌ನಲ್ಲಿ ಮತ್ತು ದಸರಾ, ದೀಪಾವಳಿ ಮಾರಾಟದ ಹೊತ್ತಿನಲ್ಲಿ ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲಿನ ಅಂಗಡಿಗಳಲ್ಲಿ ಈ ಪೆಟ್ಟಿಗೆಗಳ ತಳವನ್ನೂ ಒಮ್ಮೆ ತಿರುಗಿಸಿ ನೋಡಬೇಕು.

ನನ್ನ ಹಣದ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ಲು, ಪೆಟ್ಟಿಗೆಯ ಚೀಟಿಯ ಫೋಟೊ, ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಕಾಗದ ಮೂರನ್ನೂ ಕಳುಹಿಸಿದೆ. ದೋಷಪೂರಿತ ವಸ್ತುವನ್ನು ಹಿಂಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ ಎಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ ಎಂಬುದನ್ನೂ ಬರೆದೆ. ನಲವತ್ತು ದಿನಗಳ ನಂತರ ಪೂರ್ತಿ ಹಣ ಖಾತೆಗೆ ಬಂತು. ಬಾರದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವನಿದ್ದೆ; ಮಾರಾಟಗಾರ ದೆಹಲಿಯಲ್ಲಿದ್ದರೂ ನಾವು ವಾಸವಿರುವ ಊರಿನ ಆಯೋಗದಲ್ಲೇ, ಎರಡು ವರ್ಷದೊಳಗೆ, ದೂರು ಕೊಡಲು ಈಗಿನ ಕಾಯ್ದೆಯಲ್ಲಿ ಅವಕಾಶವಿದೆ, ಮತ್ತು 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಹಣ ಬಂತು. ಮಗಳ ಪರೀಕ್ಷೆಯ ಓದಿನ ಆ ಎರಡು ತಿಂಗಳು ಮಾತ್ರ ಯಾವ ಸಹಾಯವಾಣಿಯಿಂದಲೂ ಬರಲಿಲ್ಲ. ಅವಳು ಮತ್ತೆ ನನ್ನ ಫೋನಿಗೇ ಮರಳಿದಳು.

ಈ ಪತ್ರ ಬರೆಯುವ ಮೊದಲು, ಕರಪತ್ರ ಹಂಚಿದ ಅಂಗಡಿಗೆ ಹೋಗಿ ಒಂದು ಪೆಟ್ಟಿಗೆಯನ್ನು ತೋರಿಸುವಂತೆ ಕೇಳಿದೆ. ಅಂಗಡಿಯವರು ಸಜ್ಜನರೇ, ತಕರಾರು ಮಾಡದೆ ತೆಗೆದುಕೊಟ್ಟರು. ತಳದಲ್ಲಿದ್ದದ್ದು 2021ರ ನವೆಂಬರ್. ಅವರೂ ಅದನ್ನು ಅವತ್ತೇ ಮೊದಲ ಬಾರಿಗೆ ನೋಡಿದಂತಿತ್ತು, ಏಕೆಂದರೆ ಅವರಿಗೆ ಸರಕು ಕಳುಹಿಸಿದ ಸಗಟು ವ್ಯಾಪಾರಿ ಹೇಳಿದ್ದು ಆಫರ್ ಎಂದು ಮಾತ್ರವಂತೆ. ಇದನ್ನು ಹೇಳಿ ಮಾರಿದರೆ ಯಾರು ಕೊಳ್ಳುತ್ತಾರೆ ಎಂದು ಅವರು ಕೇಳಿದಾಗ, ನಮ್ಮ ಪಕ್ಕದ ತೋಟದ ಹಿರಿಯರ ವಿಷಯವನ್ನು ಹೇಳಿ ಬಂದಿದ್ದೇನೆ.

ತಮ್ಮಲ್ಲಿಯೂ ಒಂದು ವಿನಂತಿ. ಪತ್ರಿಕೆಯೊಳಗೆ ಸೇರಿಸಲು ಬರುವ ಕರಪತ್ರಗಳಿಗೆ ಪತ್ರಿಕೆ ಹೊಣೆಯಲ್ಲ ಎಂಬುದು ನನಗೆ ಗೊತ್ತು. ಆದರೂ ಪುಟದೊಳಗೆ ಅಚ್ಚಾಗುವ ಇಂತಹ ಜಾಹೀರಾತುಗಳ ಮಟ್ಟಿಗಾದರೂ, ತಯಾರಿಕೆಯ ವರ್ಷವನ್ನು ನಮೂದಿಸುವಂತೆ ಜಾಹೀರಾತುದಾರರನ್ನು ಕೇಳಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಿ. ನನ್ನ ಬಿಲ್ಲಿನ ಮತ್ತು ಎರಡೂ ಪೆಟ್ಟಿಗೆಗಳ ಚೀಟಿಯ ನಕಲನ್ನು, ಕಂಪನಿಯ ಹಾಗೂ ಮಾರಾಟಗಾರರ ಹೆಸರು ಮರೆಮಾಡಿ, ತಮ್ಮ ಅವಗಾಹನೆಗಾಗಿ ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಾಫಿ ಬೆಳೆಗಾರನಾದ ಒಬ್ಬ ಓದುಗ
ನಾಪೋಕ್ಲು, ಕೊಡಗು